ಮೂರು ಕಿಲೋ ಕಳಿವು

ಹನುಮಂತನಪಟ್ಟಿ ರಸ್ತೆಯ ದ್ರಾಕ್ಷಿ ಮಂಡಿಯಲ್ಲಿ ನಲವತ್ತು ವರ್ಷ ತಕ್ಕಡಿಯ ಮುಂದೆ ನಿಂತಿದ್ದ ಅಯ್ಯಾವು ಅವರು ಒಂದು ದಿನವಾದರೂ ಮುಳ್ಳು ತೋರಿಸಿದ ತೂಕವನ್ನು ಇದ್ದಂತೆ ಹೇಳಿದವರಲ್ಲ. ಹಾಗೆಂದು ಅವರನ್ನು ಸುಳ್ಳುಗಾರರೆಂದು ಯಾರೂ ತಿಳಿಯಬಾರದು. ಹಣೆಗೆ ನಾಮವಿಡದೆ ಹೊಸ್ತಿಲು ದಾಟದ, ಶನಿವಾರ ಒಪ್ಪತ್ತು ಮಾಡುವ, ಇರುವೆಸಾಲು ಕಂಡರೆ ಬಳಸಿಕೊಂಡು ಹೋಗುವ ಮನುಷ್ಯ. ತಪ್ಪು ಅವರದಲ್ಲ, ಮಂಡಿಯ ಪದ್ಧತಿಯದು.

ರೈತ ದ್ರಾಕ್ಷಿಯ ಪೆಟ್ಟಿಯನ್ನು ತಂದು ತಕ್ಕಡಿಯ ಹಲಗೆಯ ಮೇಲಿಡುತ್ತಾನೆ. ಗಡಿಯಾರದಂಥ ದುಂಡು ಮುಖದಲ್ಲಿ ಮುಳ್ಳು ಓಡಿ ಇಪ್ಪತ್ತೈದರ ಮೇಲೆ ನಿಲ್ಲುತ್ತದೆ. ಆ ಮುಖ ತಿರುಗಿರುವುದು ತೂಗುವವನ ಕಡೆಗೆ. ಎದುರು ನಿಂತ ರೈತನಿಗೆ ಕಾಣುವುದು ತಕ್ಕಡಿಯ ಬೆನ್ನು. ಪೆಟ್ಟಿಗೆ ಎರಡು ಕಿಲೋ, ತೊಟ್ಟು, ತೇವ, ಕೊಳೆತದ್ದು ಎಂದು ಒಂದು ಕಿಲೋ, ಒಟ್ಟು ಮೂರು ಕಿಲೋ ಕಳೆದು ತೂಗುವವನು “ಇಪ್ಪತ್ತೆರಡು!” ಎಂದು ಕೂಗಬೇಕು. ಈ ಮೂರು ಕಿಲೋಗೆ ಆ ಸೀಮೆಯಲ್ಲಿ ‘ಕಳಿವು’ ಎಂದು ಹೆಸರು. ಮೊದಮೊದಲು ಅಯ್ಯಾವು ಮನಸ್ಸಿನಲ್ಲಿ ಕಳೆಯುತ್ತಿದ್ದರು. ಹತ್ತು ವರ್ಷವಾಗುವ ಹೊತ್ತಿಗೆ ಮನಸ್ಸಿಗೆ ಕೆಲಸವಿಲ್ಲದೆ ನಾಲಗೆಯೇ ಕಳೆಯತೊಡಗಿತು. ಮುಳ್ಳು ಮೂವತ್ತೆಂದರೆ ಅವರ ಬಾಯಿ ಇಪ್ಪತ್ತೇಳು ಎನ್ನುವುದು, ತಾನು ಏನಾದರೂ ಕಳೆದೆ ಎಂಬ ನೆನಪೇ ಅವರಿಗೆ ಇರುತ್ತಿರಲಿಲ್ಲ.

ಗಂಡ ಹೀಗೆ ಕಳೆಯುತ್ತಿದ್ದರೆ ಹೆಂಡತಿ ಕಮಲಮ್ಮಾಳ್ ಕೂಡಿಸುವ ಕೈಯವಳು. ಅವರ ಊರು ತಮಿಳು ಸೀಮೆಯ ತೇನಿ ಜಿಲ್ಲೆಯ ಮಂದೆಕುಳಂ, ಹನುಮಂತನಪಟ್ಟಿಯಿಂದ ಮೂರು ಮೈಲಿ. ನೂರಿಪ್ಪತ್ತು ಮನೆ. ಮನೆಯೊಳಗೆ ಕನ್ನಡ, ಬೀದಿಗೆ ಬಂದರೆ ಅರ್ಧ ತಮಿಳು, ಬಸ್ಸು ಹತ್ತಿದರೆ ಪೂರ್ತಿ ತಮಿಳು. ಆ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಧ್ಯಾಹ್ನದ ಊಟ ಬೇಯಿಸಿದಾಕೆ ಕಮಲಮ್ಮಾಳ್. ಸರ್ಕಾರ ಹೇಳಿದ ಅಳತೆಯನ್ನು ಮೊದಲು ಬಡಿಸುವಳು. ಸಾಲು ಮುಗಿದ ಮೇಲೆ ಮತ್ತೆ ಮೊದಲಿನಿಂದ ಒಂದೊಂದು ಸೌಟು ಕೊಸರು. ಮಗು ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಸಾಂಬಾರು ಇಳಿಸುವಳು. ಮನೆಯಲ್ಲಿ ಅಯ್ಯಾವು ಅವರಿಗೂ ಇದೇ ಗತಿ. ಮದುವೆಯಾದಂದಿನಿಂದ ಬಿಸಿ ಸಾಂಬಾರಿಗೆ ಕೈಯೊಡ್ಡಿಯೇ ಉಂಡ ಮನುಷ್ಯ ಅವರು.

ಮಂಡಿಗೆ ಕರೆಂಟಿನ ತಕ್ಕಡಿ ಬಂದಾಗ ಯಜಮಾನರು ಅಯ್ಯಾವು ಅವರಿಗೆ ಒಂದು ಶಾಲು ಹೊದಿಸಿ, ಹಳೆಯ ತಕ್ಕಡಿಯನ್ನೇ ಕೊಟ್ಟು ಕಳಿಸಿದರು. ಜೊತೆಗೆ ಸರ್ಕಾರದ ಮುದ್ರೆ ಒತ್ತಿದ ಇಪ್ಪತ್ತು ಕಿಲೋ ಕಬ್ಬಿಣದ ಕಲ್ಲು. ತಕ್ಕಡಿ ಜಗಲಿಯ ಮೇಲೆ ಕೂತಿತು. ಪ್ರತಿ ಚಿತ್ತಿರೈ ಮೊದಲ ದಿನ, ತಮಿಳು ಹೊಸ ವರ್ಷದಂದು, ಕಮಲಮ್ಮಾಳ್ ಅದಕ್ಕೆ ಅರಿಸಿನ ಕುಂಕುಮ ಇಟ್ಟು, ಗಂಡನನ್ನು ಹಲಗೆಯ ಮೇಲೆ ನಿಲ್ಲಿಸಿ, ತಾನೇ ಮುಳ್ಳು ನೋಡುವಳು. ಕಳೆದ ಚಿತ್ತಿರೈಯಲ್ಲಿ “ಐವತ್ತಾರು. ನನ್ನ ಕೈಕೂಳು ದಂಡ ಆಗಿಲ್ಲ” ಎಂದಿದ್ದಳು.

ಜುಲೈ ಕಳೆಯುವ ಹೊತ್ತಿಗೆ, ಆಡಿ ತಿಂಗಳ ಒಂದು ಶುಕ್ರವಾರ ಶಾಲೆಯ ಒಲೆಯ ಮೇಲೆ ಬೇಳೆ ಇಟ್ಟು “ಚೂರು ಕೂತಿರ್ತೀನಿ” ಎಂದು ಗೋಡೆಗೆ ಒರಗಿದವಳು ಏಳಲಿಲ್ಲ. ಆ ಬೇಳೆಯನ್ನು ಇಳಿಸಿ, ಅಳುತ್ತಲೇ ಮಕ್ಕಳಿಗೆ ಬಡಿಸಿದವಳು ಅವಳ ಕೈಕೆಳಗಿದ್ದ, ಊರ ವರಸೆಯಲ್ಲಿ ಅವಳನ್ನು ಅತ್ತೆ ಎನ್ನುತ್ತಿದ್ದ ಪಾಂಡೀಶ್ವರಿ. ಅಂದಿನಿಂದ ಸೌಟು ಅವಳ ಕೈಗೆ ಬಂತು.

ಅಯ್ಯಾವು ಅವರು ಮಾತ್ರ ಹಿಂದಿನಂತೆಯೇ ದಿನವೂ ಮಧ್ಯಾಹ್ನದ ಗಂಟೆಯ ಹೊತ್ತಿಗೆ ಶಾಲೆಯ ಬೇವಿನ ಮರದ ಕೆಳಗೆ ಬಂದು ಕೂರುವರು. ಹಿಂದೆ ಹೆಂಡತಿಯನ್ನು ಮನೆಗೆ ಕರೆದುಕೊಂಡು ಹೋಗಲು ಬರುತ್ತಿದ್ದರು. ಈಗ ಏಕೆ ಬರುತ್ತಾರೆಂದು ಊರಿನಲ್ಲಿ ಯಾರೂ ಕೇಳಲಿಲ್ಲ.

“ಮಾವಾ, ಎರಡು ತುತ್ತು ಉಣ್ಣಾಕೆ ಬನ್ನಿ,” ಎಂದು ಪಾಂಡೀಶ್ವರಿ ದಿನವೂ ಕರೆಯುವಳು.

“ಹಸಿವಿಲ್ಲಮ್ಮಾ,” ಎಂದು ಇವರು ದಿನವೂ ಹೇಳುವರು. ಆಮೇಲೆ ಪಕ್ಕದಲ್ಲಿದ್ದವರ ಕಡೆ ತಿರುಗಿ, “ಸಾಂಬಾರಿನ ವಾಸನೆ ನೋಡಿದ್ರೇ ತಿಳೀತೈತೆ. ಇಂಗು ಕಮ್ಮಿ,” ಎನ್ನುವರು.

ಕಥೆ ಶುರುವಾಗುವುದು ಜನವರಿಯಲ್ಲಿ, ತೈ ಪೊಂಗಲ್ ಮುಗಿದ ಮರುವಾರ. ವರ್ಷಕ್ಕೆ ಎರಡು ಸಲ ಶಾಲೆಯಲ್ಲಿ ಮಕ್ಕಳ ಎತ್ತರ ತೂಕ ನೋಡಿ, ಮುಖ್ಯೋಪಾಧ್ಯಾಯಿನಿ ಮಣಿಮೇಗಲೈ ಟೀಚರ್ ಅದನ್ನು ಫೋನಿನಲ್ಲಿ ಹಾಕಬೇಕು. ಶಾಲೆ ತೆರೆದ ಜೂನ್ ತಿಂಗಳಲ್ಲಿ ಒಂದು ಸಲ ಆಗಿತ್ತು. ಇದು ಎರಡನೆಯದು. ಎತ್ತರವೇನೋ ಗೋಡೆಯ ಮೇಲೆ ಬರೆದಿದ್ದ ಗೆರೆಗಳಲ್ಲಿ ಸುಸೂತ್ರವಾಗಿ ಮುಗಿಯಿತು. ತೂಕಕ್ಕೆಂದು ಮೊದಲ ಹುಡುಗಿ ಶಾಲೆಯ ಯಂತ್ರದ ಮೇಲೆ ಕಾಲಿಟ್ಟಳು. ಯಂತ್ರ ‘ಕೀ’ ಎಂದು ಕಣ್ಣು ಮುಚ್ಚಿತು. ಬ್ಯಾಟರಿ ಬದಲಿಸಿದರು; ತೆರೆಯಲಿಲ್ಲ. ಟೀಚರ್ ತಟ್ಟಿದರು, ಬಿಸಿಲಿಗಿಟ್ಟರು, ತಲೆಕೆಳಗು ಮಾಡಿದರು. ಅಂದು ಸಂಜೆಯೊಳಗೆ ಅಂಕಿ ಮೇಲಕ್ಕೆ ಹೋಗದಿದ್ದರೆ ನೋಟೀಸು ಬರುತ್ತದೆಂದು ಕೈ ಹಿಸುಕಿಕೊಂಡರು.

ಬೇವಿನ ಮರದ ಕೆಳಗಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು.

“ಟೀಚರಮ್ಮಾ, ಬ್ಯಾಟರಿ ಹಾಕಿ ತೂಗೋದು ತೂಕ ಅಲ್ಲ, ಜೋಸ್ಯ. ಮೂವತ್ತೇಳು ಲಕ್ಷ ಪೆಟ್ಟಿ ತೂಗಿದ ಕೈ ಇಲ್ಲಿ ಸುಮ್ನೆ ಕೂತೈತೆ.”

ಮೂವತ್ತೇಳು ಲಕ್ಷ ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲ. ಟೀಚರಿಗೆ ಅದನ್ನು ವಿಚಾರಿಸುವ ವ್ಯವಧಾನವೂ ಇರಲಿಲ್ಲ. ತಕ್ಕಡಿ ತಳ್ಳುಗಾಡಿಯಲ್ಲಿ ಬಂತು. ಅಯ್ಯಾವು ಅವರು ಕೈಕಾಲು ತೊಳೆದು, ಕರ್ಪೂರ ಹಚ್ಚಿ, ಪೂರ್ವಕ್ಕೆ ಮುಖ ಮಾಡಿ ನಿಂತರು. ನಿವೃತ್ತರಾದ ಮೇಲೆ ಅವರ ಬೆನ್ನು ಅಷ್ಟು ನೆಟ್ಟಗಾದದ್ದನ್ನು ಊರು ನೋಡಿರಲಿಲ್ಲ.

ಮೊದಲ ಮಗು ಹಲಗೆ ಹತ್ತಿತು. ಅಳೆಯುವಾಗ ಮೊದಲನೆಯದನ್ನು ಒಂದು ಎನ್ನಬಾರದು, ಲಾಭ ಎನ್ನಬೇಕು.

“ಲಾಆಆಭಂ! ಹದಿನೈದೂ!” ಎಂದು ಕೂಗಿದರು. ಮುಳ್ಳು ಹದಿನೆಂಟರ ಮೇಲಿತ್ತು.

“ಎರಡೂ! ಇಪ್ಪತ್ತೊಂದೂ!” ಮುಳ್ಳು ಇಪ್ಪತ್ನಾಲ್ಕು.

ಬಾಗಿಲ ಬಳಿ ನಿಂತಿದ್ದ ತಾಯಂದಿರು ಆ ರಾಗ ಕೇಳಿ ಕಣ್ಣು ಒದ್ದೆ ಮಾಡಿಕೊಂಡರು. ಅವರವರ ಅಪ್ಪಂದಿರ ದ್ರಾಕ್ಷಿ ತೂಗಿದ ದನಿ ಅದು. ಐದನೆಯ ತರಗತಿಯ ಹರಿಹರನ್ ಹತ್ತಿದಾಗ ಹಲಗೆ ನರಳಿತು, ಮುಳ್ಳು ಮೂವತ್ತೆಂಟಕ್ಕೆ ಹಾರಿತು, ಅಯ್ಯಾವು “ಮೂವತ್ತೈದೂ!” ಎಂದರು. ನಲವತ್ತೆರಡು ಮಕ್ಕಳು ಅರ್ಧ ಗಂಟೆಯಲ್ಲಿ ಮುಗಿದರು. ಪ್ರತಿಯೊಂದು ಮಗುವಿಗೂ ಇಲ್ಲದ ಪೆಟ್ಟಿಯ ತೂಕ, ಇಲ್ಲದ ತೊಟ್ಟು ತೇವಗಳ ತೂಕ ನ್ಯಾಯವಾಗಿ ಕಳೆದುಹೋಯಿತು.

ಟೀಚರ್ ಅಂಕಿಗಳನ್ನು ಫೋನಿನಲ್ಲಿ ಹಾಕಿದರು. ಹಾಕಿದ್ದೇ ತಡ, ನಲವತ್ತೆರಡು ಹೆಸರುಗಳ ಮುಂದೆಯೂ ಕೆಳಮುಖವಾದ ಕೆಂಪು ಬಾಣ ಮೂಡಿತು. ಶಾಲೆ ತೆರೆದಾಗಿನ ತೂಕಕ್ಕಿಂತ ಎಲ್ಲ ಮಕ್ಕಳೂ ಇಳಿದಿದ್ದರು.

ಮರುದಿನ ಬೆಳಿಗ್ಗೆ ಹರಿಹರನ್‌ನ ಅಜ್ಜಿ ಸುಬ್ಬುಲಕ್ಷ್ಮಿ ಮೊಮ್ಮಗನ ರಟ್ಟೆ ಹಿಡಿದುಕೊಂಡು ಅಯ್ಯಾವು ಅವರ ಜಗಲಿಗೆ ಬಂದಳು. ಆಕೆ ಪಕ್ಕದ ಮನೆಯವಳು. ಆಕೆಯ ಪಿಸುಮಾತು ಗೂಡಲೂರಿನವರೆಗೆ ಕೇಳುತ್ತದೆಂದು ಪ್ರತೀತಿ.

“ಅಣ್ಣಾ, ನೀವೇ ಹೇಳಿ, ಈ ಕೂಸು ಎಲ್ಲಿ ಇಳಿದೈತೆ? ಜೂನಲ್ಲಿ ಮೂವತ್ತೇಳು. ಈಗ ಮೂವತ್ತೈದಂತೆ! ಹೋದ ವಾರ ಇವನ ನಿಕ್ಕರಿನ ಗುಂಡಿ ಹಾರಿ ನನ್ನ ಮೂಗಿಗೆ ಬಡಿದೈತೆ!”

“ಗುಂಡಿ ಹಾರೋದು ದಾರ ಸರಿಯಿಲ್ದೆ ಸುಬ್ಬಕ್ಕಾ. ಮುಳ್ಳು ಸುಳ್ಳು ಹೇಳೋದಿಲ್ಲೆ.”

“ರೇಷನ್ ಅಂಗಡೀಲಿ ನಿಲ್ಸಿ ನೋಡ್ದೆ. ಮೂವತ್ತೆಂಟು ತೋರಿಸ್ತು!”

“ರೇಷನ್ ಅಂಗಡಿ!” ಎಂದು ಅಯ್ಯಾವು ನಕ್ಕರು. ಬೀದಿಯಲ್ಲಿದ್ದವರೂ ನಕ್ಕರು. ಹತ್ತು ಕಿಲೋ ಅಕ್ಕಿಯನ್ನು ಹದಿಮೂರು ಎಂದು ತೋರಿಸದ ರೇಷನ್ ತಕ್ಕಡಿ ಲೋಕದಲ್ಲಿ ಉಂಟೇ ಎಂದು ಸುಬ್ಬುಲಕ್ಷ್ಮಿಗೂ ಅನ್ನಿಸಿತು. ಸತ್ಯ ಹೀಗೆ ಬಂದು ಜಗಲಿಯ ಮೇಲೆ ಕೂತಿದ್ದು, ಯಾರೂ ನೀರು ಕೊಡದೆ ಎದ್ದು ಹೋಯಿತು.

“ಹಾಗಾದ್ರೆ ಯಾಕಣ್ಣಾ ಇಳಿದ್ವು ಎಲ್ಲಾ ಕೂಸುಗಳೂ?”

ಅಯ್ಯಾವು ಗೋಡೆಯ ಮೇಲಿದ್ದ ಹೆಂಡತಿಯ ಫೋಟೋ ನೋಡಿದರು. ಅದರ ಮಾಲೆಯನ್ನು ನೆಟ್ಟಗೆ ಮಾಡಿದರು.

“ಜೂನಲ್ಲಿ ಯಾರ ಕೈ ಅಡುಗೆ? ಈಗ ಯಾರದು? ನೀನೇ ಎಣಿಸ್ಕೋ. ನನ್ನ ಕಮಲ ಹೋದ ಮೇಲೆ ಈ ಊರಿನ ಮಕ್ಕಳು ಉಂಡದ್ದು ಮೈಗೆ ಹತ್ತಿಲ್ಲೆ. ನಾನು ಹೇಳಿದ್ದಲ್ಲಮ್ಮಾ, ತಕ್ಕಡಿ ಹೇಳೈತೆ.”

ಹೇಳುವಾಗ ಅವರ ದನಿಯಲ್ಲಿದ್ದದ್ದು ದುಃಖವೋ ಹೆಮ್ಮೆಯೋ ಸುಬ್ಬುಲಕ್ಷ್ಮಿಗೆ ಗೊತ್ತಾಗಲಿಲ್ಲ. ಆಕೆಗೆ ಬೇಕಾಗಿದ್ದದ್ದು ಊರಿಗೆ ಹೇಳಲು ಒಂದು ಮಾತು. ಅದು ಸಿಕ್ಕಿತು.

ಮಧ್ಯಾಹ್ನದೊಳಗೆ ಮಂದೆಕುಳದ ಪ್ರತಿ ಮನೆಯಲ್ಲೂ ಮಕ್ಕಳನ್ನು ಉಬ್ಬಿಸುವ ಕೆಲಸ ಆರಂಭವಾಯಿತು. ರಾಗಿ ಗಂಜಿ, ಬಾಳೆಹಣ್ಣು, ತುಪ್ಪ, ಬೇಯಿಸಿದ ಮೊಟ್ಟೆ. ಹರಿಹರನ್ ದಿನಕ್ಕೆ ಆರು ಸಲ ಉಂಡ. ಏಳನೆಯ ಸಲ ಕರೆದಾಗ ಭತ್ತದ ಗದ್ದೆಯಲ್ಲಿ ಅಡಗಿ ಕೂತ. ದೃಷ್ಟಿ ತೆಗೆದ ನಿಂಬೆಹಣ್ಣುಗಳು ಬೀದಿಯಲ್ಲಿ ಬಿದ್ದು, ಬೆಳಗಿನ ಹಾಲಿನವನ ಸೈಕಲ್ ಎರಡು ಸಲ ಜಾರಿತು. ಒಬ್ಬಾಕೆ ಮಗಳ ತೂಕದಷ್ಟು ಬೆಲ್ಲ ಕೊಡುವುದಾಗಿ ಪೆರುಮಾಳ್ ದೇವರಿಗೆ ಹರಕೆ ಹೊತ್ತಳು. ಹೊತ್ತ ಮೇಲೆ, ತೂಕ ಹೆಚ್ಚಿದರೆ ಬೆಲ್ಲವೂ ಹೆಚ್ಚುತ್ತದಲ್ಲಾ ಎಂದು ಯೋಚನೆಗೆ ಬಿದ್ದಳು.

ಪಾಂಡೀಶ್ವರಿಯ ಕಡೆ ಮಾತ್ರ ಯಾರೂ ನೆಟ್ಟಗೆ ನೋಡಲಿಲ್ಲ. ಕೆರೆಯ ಮೆಟ್ಟಿಲಲ್ಲಿ ಅವಳು ಬಂದರೆ ಮಾತು ನಿಲ್ಲುವುದು. ಅವಳು ಮೂರನೆಯ ದಿನ ಸೌಟು ಹಿಡಿದೇ ಬೇವಿನ ಮರದ ಕೆಳಗೆ ಬಂದಳು.

“ಮಾವಾ, ಮಕ್ಕಳ ಅಕ್ಕಿ ನಾನು ಕದ್ದೆ ಅಂತ ಹೇಳಿದ್ರಾ?”

“ಛೆ! ಕದ್ದೆ ಅನ್ನಲಿಲ್ಲಮ್ಮಾ. ಕೈ ಸಾಲದು ಅಂದೆ.”

“ಕೈ ಸಾಲದಾ?” ಅವಳು ಸೌಟನ್ನು ಅವರ ಮುಖದ ಮುಂದೆ ಹಿಡಿದಳು. “ಇದು ಅತ್ತೆ ಸೌಟು. ನಾನು ಒಂದನೇ ಕ್ಲಾಸಲ್ಲಿ ಇದ್ದಾಗ ನನ್ನನ್ನ ‘ಕಡ್ಡಿಕೂಸು’ ಅಂತಿದ್ರು. ಅತ್ತೆ ಇದ್ರಲ್ಲೇ ಕೊಸರು ಹಾಕಿ ಹಾಕಿ ನನ್ನನ್ನ ಮನುಷ್ಯಳ್ನ ಮಾಡಿದ್ರು. ಅದೇ ಬೇಳೆ, ಅದೇ ಉಪ್ಪು, ಅದೇ ಕೊಸರು ಮಾವಾ. ಒಂದು ದಿನಾನಾದ್ರೂ ಬಂದು ಉಂಡು ನೋಡಿದ್ರಾ ನೀವು?”

“ಇಂಗು…” ಎಂದು ಅಯ್ಯಾವು ಏನೋ ಶುರುಮಾಡಿ ನಿಲ್ಲಿಸಿದರು.

ಸುದ್ದಿ ದಿಂಡಿಗಲ್ಲನ್ನು ಮುಟ್ಟಿತು. ಅಲ್ಲಿ ಬೀಗದ ಅಂಗಡಿ ಇಟ್ಟಿದ್ದ ಅಯ್ಯನಾರ್, ಕಮಲಮ್ಮಾಳ್‌ನ ತಮ್ಮ, ಮೊದಲ ಬಸ್ಸಿಗೇ ಬಂದಿಳಿದ. ಲೋಕದ ಯಾವ ಕಷ್ಟಕ್ಕೂ ಬೀಗವೇ ಮದ್ದೆಂದು ನಂಬಿದ ಮನುಷ್ಯ. ಅಕ್ಕನ ಮದುವೆಗೂ ಒಂದು ಬೀಗವನ್ನೇ ಉಡುಗೊರೆ ಕೊಟ್ಟಿದ್ದ.

“ಮಚ್ಚಾನ್, ನಮ್ಮಕ್ಕನ ಅಡುಗೆಮನೇಲಿ ಕಳ್ಳತನವಂತೆ?” ಎಂದು ಭಾವನನ್ನು ಕೇಳಿದ.

“ಕಳ್ಳತನ ಅಲ್ಲ ಮಾಪಿಳ್ಳೆ, ಕೈಗುಣ…”

“ಕೈಗುಣ ಅಂದ್ರೆ ಮತ್ತೇನು! ಕೈಗೇ ಅಲ್ವಾ ನಾವು ಬೀಗ ಹಾಕೋದು!” ಎಂದು ಅಯ್ಯನಾರ್ ಚೀಲದಿಂದ ತೆಂಗಿನಕಾಯಿ ಗಾತ್ರದ ಬೀಗವೊಂದನ್ನು ತೆಗೆದ. “ಏಳು ಲಿವರ್. ಆನೆ ತಳ್ಳಿದ್ರೂ ಬಿಚ್ಚಲ್ಲ. ಹೋದ ವರ್ಷ ಒಬ್ಬರು ಇದನ್ನ ಹಾಕಿ ಬೀಗದಕೈ ಕಳ್ಕೊಂಡ್ರು. ಗೋಡೆ ಒಡೆದು ಒಳಗೆ ಹೋದ್ರು, ಬೀಗ ಹಾಗೇ ಐತೆ!”

ಹೀಗೆ ಹೆಮ್ಮೆಪಡುತ್ತ ಅವನೇ ಹೋಗಿ ಅದನ್ನು ಶಾಲೆಯ ಅಕ್ಕಿಕೋಣೆಗೆ ಜಡಿದ. ಬೇಡವೆನ್ನಲು ಟೀಚರ್ ಬಾಯಿ ತೆರೆಯುವುದರೊಳಗೆ ಏಳು ಲಿವರುಗಳೂ ‘ಕಟಕ್’ ಎಂದಿದ್ದವು.

ಮರುದಿನವೇ ತೇನಿಯಿಂದ ಜೀಪು ಬಂತು. ಇಳಿದವರು ಇಂದುಜಾ ಎಂಬ ಆರೋಗ್ಯಾಧಿಕಾರಿ. ಚಿಕ್ಕ ಪ್ರಾಯ, ದೊಡ್ಡ ಫೈಲು. ಅಂದು ಶಾಲೆಯ ಅಂಗಳದಲ್ಲಿ ಅಧಿಕಾರಿಣಿಯ ಮಾತೆಲ್ಲ ನಡೆದದ್ದು ತಮಿಳಿನಲ್ಲಿ. ಓದುವವರ ಅನುಕೂಲಕ್ಕೆ ಕನ್ನಡ ಮಾಡಿದ್ದಾಗಿದೆ.

“ಏಳು ತಿಂಗಳಲ್ಲಿ ನಲವತ್ತೆರಡಕ್ಕೆ ನಲವತ್ತೆರಡು ಮಕ್ಕಳೂ ಇಳಿದಿದ್ದಾರೆ. ಇಂಥದ್ದು ಇಡೀ ಜಿಲ್ಲೆಯಲ್ಲಿಲ್ಲ,” ಎಂದು ಆಕೆ ಫೈಲಿನಿಂದ ತಲೆಯೆತ್ತಿದರು. ಎದುರಿಗೆ ಸಾಲಾಗಿ ನಿಂತ ಮಕ್ಕಳನ್ನು ನೋಡಿದರು. ನಾಲ್ಕು ದಿನ ತುಪ್ಪ ಮೊಟ್ಟೆ ತಿಂದ ಮಕ್ಕಳು ಎಣ್ಣೆ ಹಚ್ಚಿದ ಬದನೆಕಾಯಿಗಳಂತೆ ಹೊಳೆಯುತ್ತಿದ್ದವು. ಅಧಿಕಾರಿಣಿ ಮತ್ತೆ ಫೈಲು ನೋಡಿದರು. ಮಕ್ಕಳಿಗಿಂತ ಫೈಲನ್ನೇ ನಂಬುವುದು ಕ್ಷೇಮವೆಂದು ತೀರ್ಮಾನಿಸಿದಂತೆ ಕಂಡಿತು.

ಅಕ್ಕಿಕೋಣೆಯ ಮುಂದೆ ನಿಂತಾಗ ಅವರ ಹುಬ್ಬು ಮೇಲೇರಿತು.

“ಈ ಬೀಗ ಯಾವಾಗ ಹಾಕಿದ್ದು?”

“ನಿನ್ನೆ ಮೇಡಂ! ನಾನೇ!” ಎಂದು ಅಯ್ಯನಾರ್ ಎದೆಯುಬ್ಬಿಸಿದ. “ಏಳು ಲಿವರ್!”

“ಅಂದರೆ ನಿನ್ನೆಯವರೆಗೆ ಅಕ್ಕಿಗೆ ಭದ್ರತೆ ಇರಲಿಲ್ಲ,” ಎಂದು ಆಕೆ ಬರೆದುಕೊಂಡರು. ಅಯ್ಯನಾರ್‌ನ ಎದೆ ಮೆಲ್ಲಗೆ ಒಳಗೆ ಹೋಯಿತು.

ಬರೆಯುವುದು ಮುಗಿದ ಮೇಲೆ ಇಂದುಜಾ ಟೀಚರಿಗೆ ಹೇಳಿದರು: “ಈ ಅಡುಗೆಮನೆ ಮುಚ್ಚಬೇಕಾಗುತ್ತೆ. ಅಡುಗೆಯವರನ್ನ ಕೆಲಸದಿಂದ ತೆಗೀಬೇಕು. ಸೋಮವಾರದಿಂದ ತೇನಿಯ ಗುತ್ತಿಗೆಯವರ ವ್ಯಾನಿನಲ್ಲಿ ಊಟ ಬರುತ್ತೆ.”

ಪಾಂಡೀಶ್ವರಿ ಸೆರಗಿನಲ್ಲಿ ಸೌಟು ಒರೆಸಿ, ಅದನ್ನು ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದಳು. ಮೂವತ್ತೊಂದು ವರ್ಷ ಊಟವೆಲ್ಲ ಮುಗಿದ ಮೇಲೆ ಕಮಲಮ್ಮಾಳ್ ಅದನ್ನು ತೂಗುಹಾಕುತ್ತಿದ್ದ ಮೊಳೆ ಅದು. ಈಗ ಇನ್ನೂ ಹನ್ನೊಂದೂವರೆ, ಊಟ ಬಡಿಸಿಯೇ ಇರಲಿಲ್ಲ.

ಅಯ್ಯಾವು ಅದನ್ನು ನೋಡಿದರು. ಹೆಂಡತಿಯ ಕೈಗೆ ಸಮ ಇನ್ನೊಂದಿಲ್ಲವೆಂದು ಊರೆಲ್ಲ ಒಪ್ಪಲಿ ಎಂದು ಅವರು ಬಯಸಿದ್ದೇನೋ ನಿಜ. ಅವಳ ಒಲೆಯೇ ಆರಿಹೋಗಲಿ ಎಂದು ಬಯಸಿರಲಿಲ್ಲ.

“ಅಮ್ಮಾ, ವ್ಯಾನು ಗೀನು ಯಾಕೆ?” ಎಂದು ಮುಂದೆ ಬಂದರು. “ಹುಡುಗಿ ಕಲೀತಾಳೆ. ನಾನು ಪಕ್ಕದಲ್ಲಿ ಕೂತು ಇಂಗು ಹೇಳಿಕೊಡ್ತೀನಿ…”

“ತಾತಾ, ಇದು ಇಂಗಿನ ವಿಷಯ ಅಲ್ಲ. ಅಂಕಿ ಹೇಳುತ್ತೆ. ನಿಮ್ಮ ತಕ್ಕಡಿ ಸರಿಯಿದೆ ತಾನೇ?”

ಆ ಪ್ರಶ್ನೆ ಕೇಳಬಾರದಾಗಿತ್ತು. ಅಯ್ಯಾವು ಅವರ ಬೆನ್ನು ನೆಟ್ಟಗಾಯಿತು. ಒಲೆ, ಸೌಟು, ಪಾಂಡೀಶ್ವರಿ ಎಲ್ಲವೂ ಒಂದು ಗಳಿಗೆ ಮರೆತುಹೋಯಿತು.

“ನನ್ನ ತಕ್ಕಡಿಯಾ? ಸರಿಯಿದೆಯಾ? ಮಾಪಿಳ್ಳೆ! ಮನೆಗೆ ಹೋಗಿ ಆ ಮುದ್ರೆ ಕಲ್ಲು ಹೊತ್ಕೊಂಡು ಬಾ! ಎಲ್ಲರೂ ನೋಡ್ಲಿ!”

ಅಯ್ಯನಾರ್ ಇಪ್ಪತ್ತು ಕಿಲೋ ಕಲ್ಲನ್ನು ಹೊಟ್ಟೆಗೆ ಅವಚಿಕೊಂಡು ಏದುಸಿರು ಬಿಡುತ್ತ ಬಂದ. ಕಲ್ಲಿನ ಮೇಲೆ ಸರ್ಕಾರದ ಮುದ್ರೆ, ಅದರ ಕೆಳಗೆ ‘20’ ಎಂದು ಎದ್ದು ಕಾಣುವ ಅಂಕಿ. ಅಧಿಕಾರಿಣಿ ಅದನ್ನು ಓದಿದರು. ಊರವರೂ ಓದಿದರು. ತೂಗಿದಂದಿನಿಂದ ಶಾಲೆಯಲ್ಲೇ ಇದ್ದ ತಕ್ಕಡಿಯ ಹಲಗೆಯ ಮೇಲೆ ಕಲ್ಲು ಕೂತಿತು. ಮುಳ್ಳು ಓಡಿ, ನಡುಗಿ, ನಿಂತಿತು. ಅಯ್ಯಾವು ಎಡಗೈಯನ್ನು ಕಿವಿಗೆ ಒತ್ತಿ, ಕಣ್ಣು ಅರೆಮುಚ್ಚಿ, ಬೇವಿನ ಮರದ ಹಕ್ಕಿಗಳು ಹಾರುವಂತೆ ಕೂಗಿದರು:

“ಲಾಆಆಭಂ! ಹದಿನೇಳೂ!”

ಹಕ್ಕಿಗಳು ಒಂದೊಂದಾಗಿ ಮರಕ್ಕೆ ಮರಳಿದವು.

“ಎಷ್ಟು?” ಎಂದರು ಇಂದುಜಾ.

“ಹದಿ…” ಎಂದು ಅಯ್ಯಾವು ಮುಳ್ಳನ್ನು ನೋಡಿದರು. ಅದು ಇಪ್ಪತ್ತರ ಮೇಲೆ, ಗುಡಿಯ ಮುಂದಿನ ಗರುಡಗಂಬದಂತೆ ನಿಂತಿತ್ತು. ಅವರ ಬಾಯಿ ತೆರೆದೇ ಇತ್ತು. ನಲವತ್ತು ವರ್ಷದಲ್ಲಿ ಮೊದಲ ಸಲ ಅವರ ಕಣ್ಣೂ ನಾಲಗೆಯೂ ಮುಖಾಮುಖಿಯಾದವು.

“ಹಾಗಾದರೆ ತಕ್ಕಡಿ ಕೆಟ್ಟಿದೆ,” ಎಂದು ಅಧಿಕಾರಿಣಿ ಪೆನ್ನು ತೆಗೆದರು.

ಅಯ್ಯನಾರ್ ಹತ್ತಿರ ಸರಿದು ಪಿಸುಗುಟ್ಟಿದ: “ಮಚ್ಚಾನ್, ಗಪ್‌ಚಿಪ್! ತಪ್ಪು ತಕ್ಕಡಿ ಮೇಲೆ ಹೋಗ್ಲಿ. ಕಬ್ಬಿಣಕ್ಕೇನು ಮಾನವಾ ಮರ್ಯಾದೆಯಾ?”

“ಇದು ಎಷ್ಟು ಕೆಟ್ಟಿದೆಯೋ, ಯಾವ ಮಗುವಿಗೆ ಎಷ್ಟು ತಪ್ಪು ತೋರಿಸಿದೆಯೋ ಹೇಳಕ್ಕಾಗಲ್ಲ,” ಎಂದು ಇಂದುಜಾ ಬರೆಯುತ್ತಲೇ ಹೇಳಿದರು. “ಹೊಸ ಯಂತ್ರ ಬರೋವರೆಗೆ ಅಡುಗೆಮನೆ ಮುಚ್ಚಿರಲಿ. ಎರಡು ತಿಂಗಳಾಗಬಹುದು, ಮೂರಾಗಬಹುದು. ಆಮೇಲೆ ನೋಡೋಣ.”

ಆಮೇಲೆ ನೋಡುವುದೆಂದರೆ ಏನೆಂದು ಮಂದೆಕುಳಕ್ಕೆ ಗೊತ್ತು. ಮುಚ್ಚಿದ ಅಂಚೆ ಕಚೇರಿಯನ್ನು ಹಾಗೆಯೇ ನೋಡುತ್ತ ಹದಿನಾಲ್ಕು ವರ್ಷವಾಗಿತ್ತು.

“ಅಮ್ಮಾ, ಬರೀಬ್ಯಾಡಿ.” ಅಯ್ಯಾವು ಅವರ ದನಿ ಎಷ್ಟು ಸಣ್ಣಗಿತ್ತೆಂದರೆ ಸುಬ್ಬುಲಕ್ಷ್ಮಿ ಎರಡು ಹೆಜ್ಜೆ ಮುಂದೆ ಬಂದಳು. “ತಕ್ಕಡಿ ಸರಿಯಾಗೇ ಐತೆ. ಮುಳ್ಳು ಇಪ್ಪತ್ತೇ ತೋರಿಸ್ತೈತೆ. ಹದಿನೇಳು ಅಂದದ್ದು ನಾನು.”

“ಯಾಕೆ?”

“ಕಳಿವು… ಕಳಿವು ತೆಗೆದೆ ಅಮ್ಮಾ.”

ರೈತರ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು ಎದ್ದಿತು. ನಲವತ್ತು ವರ್ಷದ ನಿಟ್ಟುಸಿರು ಅದು.

“ಅಯ್ಯೋ ಪೆರುಮಾಳೇ!” ಎಂದು ಸುಬ್ಬುಲಕ್ಷ್ಮಿ ತಲೆಯ ಮೇಲೆ ಕೈಯಿಟ್ಟಳು. “ನಮ್ಮ ಮಕ್ಕಳಲ್ಲೂ ಕಳಿವು ತೆಗೆದವ್ರೆ!”

ಕಳಿವು ಎಂದರೇನೆಂದು ಅಧಿಕಾರಿಣಿಗೆ ಏಳೆಂಟು ಮಂದಿ ಒಟ್ಟಿಗೆ ವಿವರಿಸಿದರು. ಆಕೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಅಯ್ಯಾವು ಅವರನ್ನೇ ಕೇಳಿದರು:

“ಪೆಟ್ಟಿಗೆ ಎರಡು ಕಿಲೋ ಕಳೀತೀರಿ. ಮಕ್ಕಳು ಪೆಟ್ಟಿಯಲ್ಲಿ ಬಂದಿದ್ದರಾ ತಾತಾ?”

“ಇಲ್ಲಮ್ಮಾ.”

“ತೊಟ್ಟು ಇತ್ತಾ?”

“ಇಲ್ಲಮ್ಮಾ.”

“ಕೊಳೆತದ್ದು?”

ಅಯ್ಯಾವು ಅವರ ಕಣ್ಣು ತಾನಾಗಿ ಹರಿಹರನ್ ಕಡೆ ಹೊರಳಿತು. ಅವನು ಮೂರು ದಿನದಿಂದ ಸ್ನಾನ ಮಾಡಿರಲಿಲ್ಲ.

“ಅಣ್ಣಾ!” ಎಂದು ಸುಬ್ಬುಲಕ್ಷ್ಮಿ ಗರ್ಜಿಸಿದಳು.

“ಇಲ್ಲಮ್ಮಾ, ಒ‌ಂದೂ ಇಲ್ಲ,” ಎಂದರು ಅಯ್ಯಾವು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಪಾಂಡೀಶ್ವರಿಯ ಕಡೆ ನೋಡದೆ, ಎಲ್ಲರಿಗೂ ಕೇಳುವಂತೆ ಹೇಳಿದರು: “ಮಕ್ಕಳು ಇಳಿದಿಲ್ಲೆ. ಇಳಿಸಿದ್ದು ನನ್ನ ಬಾಯಿ. ಈ ಹುಡುಗಿ ಕೈಯಲ್ಲಿ ಏನೂ ಕಮ್ಮಿ ಇಲ್ಲೆ.”

ಇಂದುಜಾ ಫೈಲು ಮುಚ್ಚಿದರು. ಸುಮ್ಮನೆ ಮೂರು ಕೂಡಿಸಿ ಬರೆದರೆ ಮೇಲಿನವರು ಒಪ್ಪುವುದಿಲ್ಲ, ಈಗಲೇ ಮತ್ತೆ ತೂಗಿ ಎಂದರು. ತೂಗುವವರು ಯಾರು ಎಂದಾಗ ಎಲ್ಲರೂ ಅಯ್ಯಾವು ಅವರನ್ನೇ ನೋಡಿದರು. ಆ ತಕ್ಕಡಿಯ ಮುಂದೆ ಬೇರೆಯವರನ್ನು ನಿಲ್ಲಿಸಲು ಯಾರಿಗೂ ಮನಸ್ಸಾಗಲಿಲ್ಲ. ಮಣಿಮೇಗಲೈ ಟೀಚರ್ ಮಾತ್ರ ಈ ಸಲ ಮುಳ್ಳು ಕಾಣುವ ಕಡೆಗೇ ಬಂದು ನಿಂತರು.

“ಲಾಭಂ! ಹದಿನೈ…”

“ತಾತಾ, ಕಳಿವು ಬೇಡಾಆ!” ಎಂದು ನಲವತ್ತೆರಡು ಮಕ್ಕಳು ಒಟ್ಟಿಗೆ ಕಿರುಚಿದವು.

“ಹದಿನೆಂಟು,” ಎಂದು ಅಯ್ಯಾವು ತಿದ್ದಿಕೊಂಡರು. ಇದ್ದದ್ದನ್ನು ಇದ್ದಂತೆ ಹೇಳುವುದು ಎಷ್ಟು ಕಷ್ಟವೆಂದರೆ ಐದನೆಯ ಮಗುವಿನ ಹೊತ್ತಿಗೆ ಅವರ ಹಣೆಯ ನಾಮ ಬೆವರಿನಲ್ಲಿ ಇಳಿದು ಮೂಗಿಗೆ ಬಂದಿತ್ತು. ಪ್ರತಿಯೊಂದಕ್ಕೂ ನಾಲಗೆ ಹಿಂದಕ್ಕೆ ಎಳೆಯುವುದು, ಮಕ್ಕಳು ಮುಂದಕ್ಕೆ ತಳ್ಳುವುದು. ಹರಿಹರನ್ ಹತ್ತಿದಾಗ ಅವರು ಸರಿಯಾಗಿಯೇ “ಮೂವತ್ತೊಂಬತ್ತೂವರೆ” ಎಂದರು. ನಾಲ್ಕು ದಿನದ ತುಪ್ಪ ವ್ಯರ್ಥವಾಗಿರಲಿಲ್ಲ.

ಟೀಚರ್ ಅಂಕಿಗಳನ್ನು ಫೋನಿಗೆ ಹಾಕಿದರು. ಕೆಂಪು ಬಾಣಗಳು ಒಂದೊಂದಾಗಿ ಹಸಿರಾಗಿ ಮೇಲೆ ತಿರುಗಿದವು. ಏಳು ತಿಂಗಳಲ್ಲಿ ಎಲ್ಲ ಮಕ್ಕಳೂ ಒಂದರಿಂದ ಎರಡೂವರೆ ಕಿಲೋವರೆಗೆ ಏರಿದ್ದವು. ಹಿಂದಿನ ವರ್ಷವೂ ಹಾಗೆಯೇ ಏರಿದ್ದವು ಎಂದು ಇಂದುಜಾ ಹಳೆಯ ಪುಟ ತಿರುಗಿಸಿ ನೋಡಿದರು. “ಅಡುಗೆಯವರು ಬದಲಾದದ್ದು ಇದರಲ್ಲಿ ಎಲ್ಲೂ ಗೊತ್ತಾಗಲ್ಲ,” ಎಂದರು.

ಅಯ್ಯಾವು ಅದನ್ನು ಕೇಳಿಸಿಕೊಂಡರು. ತಕ್ಕಡಿಯ ಹಲಗೆಯನ್ನು ಟವೆಲಿನಿಂದ ಒರೆಸತೊಡಗಿದರು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದರು.

“ಮಾವಾ,” ಎಂದು ಹಿಂದಿನಿಂದ ಪಾಂಡೀಶ್ವರಿ ಕರೆದಳು. “ನಲವತ್ತೆರಡಾಯ್ತು. ಒಂದು ಬಾಕಿ. ನೀವು ಹತ್ತಿ.”

“ನಾನಾ? ನಾನೇನು ಇಸ್ಕೂಲ್ ಹುಡುಗನಾ?”

“ಅತ್ತೆ ವರ್ಷಾವರ್ಷ ನಿಲ್ಲಿಸ್ತಿರಲಿಲ್ವಾ? ಹತ್ತಿ.”

ಊರೆಲ್ಲ ನೋಡುತ್ತಿತ್ತು. ಅಯ್ಯಾವು ಚಪ್ಪಲಿ ಬಿಟ್ಟು ಹಲಗೆ ಹತ್ತಿದರು. ಮುಳ್ಳಿನ ಕಡೆ ಬಗ್ಗಿ ನೋಡಿದರು. ಕಳೆಯುವುದೊಂದನ್ನೇ ಬಲ್ಲ ಆ ನಾಲಗೆ, ತಡವರಿಸದೆ, ಗಟ್ಟಿಯಾಗಿ ಹೇಳಿತು:

“ಐವತ್ತಾರು.”

ಪಾಂಡೀಶ್ವರಿ ಸುತ್ತಿಕೊಂಡು ಬಂದು ಮುಳ್ಳಿನ ಮುಂದೆ ನಿಂತಳು.

“ನಲವತ್ತೊಂಬತ್ತು,” ಎಂದಳು. “ಏಳು ಕಿಲೋ ಕಳಿವು ಮಾವಾ. ಇದು ಯಾವ ಮಂಡಿ ಪದ್ಧತಿ?”

ಅಯ್ಯಾವು ಹಲಗೆಯಿಂದ ಇಳಿಯುವಾಗ ಸ್ವಲ್ಪ ಓಲಾಡಿದರು. ಅಯ್ಯನಾರ್ ಬಂದು ತೋಳು ಹಿಡಿದುಕೊಂಡ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಆಗ ಅಯ್ಯನಾರ್ ಕಿಸೆ ತಡಕಿದ; ಅಕ್ಕಿಕೋಣೆಯ ಬೀಗದಕೈ ಅಲ್ಲಿರಲಿಲ್ಲ. ಏಳು ಲಿವರಿನ ಮಹಿಮೆಯನ್ನು ಅವನು ಇನ್ನೊಮ್ಮೆ ಹೇಳುವ ಮೊದಲೇ ಪಾಂಡೀಶ್ವರಿ, “ಇವತ್ತಿನ ಅಕ್ಕಿ ನಿನ್ನೆ ನೀವು ಬೀಗ ಜಡಿಯೋ ಮೊದ್ಲೇ ಅಳೆದು ತೆಗೆದಿಟ್ಟಿದ್ದೆ ಚಿಕ್ಕಪ್ಪಾ, ಅನ್ನ ಆಗೈತೆ. ನೀವು ಗೋಡೆ ಒಡೆಯೋದು ನಾಳೆಗಿರ್ಲಿ,” ಎಂದು ಒಳಗೆ ಹೋಗಿ ಮೊಳೆಯ ಮೇಲಿನ ಸೌಟು ತೆಗೆದಳು.

ಮಕ್ಕಳು ಶಾಲೆಯ ಜಗಲಿಯ ಮೇಲೆ ಸಾಲಾಗಿ ಕೂತವು. ಹರಿಹರನ್ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅಯ್ಯಾವು ಕಾಲು ಮಡಿಸಿ ಕೂತರು. ಮುಂದೆ ಶಾಲೆಯ ತಟ್ಟೆ. ಪಾಂಡೀಶ್ವರಿ ಅನ್ನ ಹಾಕಿದಳು, ಸಾಂಬಾರು ಹಾಕಿದಳು, ಮುಂದೆ ಹೋದಳು. ಅವರು ಕಣ್ಣು ಮುಚ್ಚಿ ಕೈಮುಗಿದು ಒಂದು ತುತ್ತು ಬಾಯಿಗಿಟ್ಟುಕೊಂಡರು. ಅಗಿಯುವುದನ್ನು ನಿಲ್ಲಿಸಿದರು. ಬೇಲಿಯಾಚೆಯಿಂದ ಸುಬ್ಬುಲಕ್ಷ್ಮಿ ಕೇಳಿದಳು:

“ಅಣ್ಣಾ, ಇಂಗು ಹೆಂಗೈತೆ?”

ಅಯ್ಯಾವು ತಲೆಯೆತ್ತಲಿಲ್ಲ. “ಐತೆ,” ಎಂದರು.

ಸಾಲು ಮುಗಿಸಿ ಪಾಂಡೀಶ್ವರಿ ಮತ್ತೆ ಮೊದಲಿನಿಂದ ಕೊಸರು ಹಾಕುತ್ತ ಬಂದಳು. ಅವಳು ಹತ್ತಿರ ಬಂದಾಗ ಅಯ್ಯಾವು “ಸಾಕಮ್ಮಾ” ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಅವಳು ನಿಲ್ಲಲಿಲ್ಲ. ಬಿಸಿ ಸಾಂಬಾರು ಅವರ ಬೆರಳ ಸಂದಿಯಿಂದ ತಟ್ಟೆಗೆ ಇಳಿಯಿತು. ಅವರು ಕೈ ತೆಗೆಯಲಿಲ್ಲ.